ಫೋಟೋದ ಮೂಲೆಯಲ್ಲಿ ನಿಂತವರು

ಕೊರಟಗೆರೆ

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ನಮ್ಮಮ್ಮ ಉತ್ತರ ಹೇಳಿಬಿಡುತ್ತಾಳೆ. "ನಮ್ ಸುಜಾತ ಮೊಬೈಲಿನ್ ಕಣ್ಣು ಮಾಡ್ತಾಳೆ ಕಣಮ್ಮ" ಎನ್ನುತ್ತಾಳೆ. ಕೇಳಿದವರು ನಾನು ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೇನೆ ಎಂದುಕೊಳ್ಳುತ್ತಾರೆ. ಒಡೆದ ಫೋನು ಹಿಡಿದುಕೊಂಡು ಮನೆ ಬಾಗಿಲಿಗೇ ಬಂದವರೂ ಇದ್ದಾರೆ.

ನಿಜ ಹೇಳಬೇಕೆಂದರೆ ಅಮ್ಮನ ಮಾತು ತಪ್ಪೇನಲ್ಲ. ತುಮಕೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಫೋನಿನ ಕ್ಯಾಮೆರಾಕ್ಕೆ ಲೆನ್ಸು ವಿನ್ಯಾಸ ಮಾಡುತ್ತೇನೆ. ಬೆಳಿಗ್ಗೆ ಕಂಪನಿ ಬಸ್ಸು ಕೊರಟಗೆರೆಗೆ ಬಂದು ನಮ್ಮನ್ನು ತುಂಬಿಕೊಂಡು ಹೋಗುತ್ತದೆ, ಸಂಜೆ ತಂದು ಇಳಿಸುತ್ತದೆ. ಫೋನಿನ ಹಿಂದೆ ಕಪ್ಪು ಚುಕ್ಕೆಯಂಥದ್ದು ಕಾಣುತ್ತದಲ್ಲ, ಅದರೊಳಗೆ ಒಂದರ ಮೇಲೊಂದು ಐದಾರು ಪ್ಲಾಸ್ಟಿಕ್ ಲೆನ್ಸುಗಳು ಕೂತಿರುತ್ತವೆ. ಎಲ್ಲ ಸೇರಿದರೂ ಒಂದು ಕಡಲೆಬೀಜದಷ್ಟು ಎತ್ತರವಿಲ್ಲ. ಅವುಗಳ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಒಂದೊಂದು ಕಡೆಗೆ ಸೊಟ್ಟಗಾಗಿರುತ್ತದೆ. ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ತಿದ್ದಬೇಕು, ಎರಡನೆಯದರ ತಪ್ಪನ್ನು ಮೂರನೆಯದು. ಫೋಟೋದ ನಡುವಿಗೆ ಬೀಳುವ ಬೆಳಕು ನೇರವಾಗಿ ಬರುತ್ತದೆ, ಅದರದ್ದೇನೂ ತಕರಾರಿಲ್ಲ. ಮೂಲೆಗೆ ಬೀಳುವ ಬೆಳಕು ಮಾತ್ರ ಓರೆಯಾಗಿ ನುಗ್ಗಿ, ಅಷ್ಟೂ ಲೆನ್ಸುಗಳ ಅಂಚನ್ನು ಸವರಿಕೊಂಡು ಹೋಗಬೇಕು. ನಮ್ಮ ಕಸುಬಿನವರ ಗೋಳೆಲ್ಲ ಈ ಮೂಲೆಯದ್ದೇ.

ಬೇರೆಯವರ ವಿನ್ಯಾಸಗಳನ್ನು ತಿದ್ದಿ ತಿದ್ದಿ ಕೊನೆಗೂ ನನ್ನದೇ ಎನ್ನುವಂಥ ಒಂದನ್ನು ಮಾಡಿದ್ದೆ. ಆರು ಲೆನ್ಸಿನದು, ನಮ್ಮ ದೇಶದಲ್ಲೇ ಮಾರುವ ಕಡಿಮೆ ಬೆಲೆಯ ಫೋನಿಗೆ. ಮೂಲೆಯಲ್ಲೂ ನಡುವಿನಷ್ಟೇ ಚೊಕ್ಕವಾಗಿ ಕಾಣುವ ಹಾಗೆ ಅದನ್ನು ತಂದು ನಿಲ್ಲಿಸುವಷ್ಟರಲ್ಲಿ ನನಗೆ ಕನ್ನಡಕ ಬಂದಿತ್ತು. ಅಷ್ಟರಲ್ಲಿ ಫೋನಿನ ಕಂಪನಿಯವರು ಫೋನನ್ನು ಇನ್ನಷ್ಟು ತೆಳ್ಳಗೆ ಮಾಡಿಬಿಟ್ಟರು. ನನ್ನ ಲೆನ್ಸು ಹಿಂದೆ ಗುಬುಟಿನ ಹಾಗೆ ಎದ್ದು ನಿಲ್ಲುತ್ತದೆ ಎಂಬ ದೂರು ಬಂತು. ಅಚ್ಚು ಕೊರೆಯುವ ಕೆಲಸ ಹಿಡಿದಿದ್ದ ತೈವಾನಿನ ಕಂಪನಿಯವರು, ನಮ್ಮ ಹತ್ತಿರ ಐದು ಲೆನ್ಸಿನದು ಸಿದ್ಧವಾಗಿಯೇ ಇದೆ, ಅದನ್ನೇ ಹಾಕೋಣ ಎಂದು ಬರೆದರು. ಅಚ್ಚು ಒಮ್ಮೆ ಕೊರೆದರೆ ಮುಗಿಯಿತು, ಆಮೇಲೆ ಬದಲಾಯಿಸುವ ಮಾತಿಲ್ಲ. ನಾನು ಹೋಗಿ ಅವರದ್ದಕ್ಕೆ ಒಪ್ಪಿಗೆ ಕೊಡಬೇಕು, ಇಲ್ಲವೇ ನನ್ನದನ್ನು ಉಳಿಸಿಕೊಂಡು ಬರಬೇಕು. ಉಳಿಸಿಕೊಂಡೇ ಬರುತ್ತೇನೆ ಎಂದು ಹಟ ತೊಟ್ಟು ಹೊರಟೆ.

ಜೊತೆಗೆ ಅಚ್ಚಿನ ವಿಭಾಗದ ರಾಮಾಂಜಿ. ಪಾವಗಡ ತಾಲ್ಲೂಕಿನ ರಾಯಚರ್ಲಿನವನು. ಮನೆಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮಿಬ್ಬರಿಗೂ ಅದು ಮೊದಲ ವಿಮಾನ. ಅಮ್ಮ ಹೊಸಲಿನ ಹತ್ತಿರ ನಿಂತು, "ಓಗ್ಬುಟ್ ಬಾ. ಅಲ್ಲಿ ಬುದ್ಧನ್ ಗುಡಿ ಬಾಳ ಅವಂತೆ. ನಂದೂ ಒಂದ್ ಕೈ ಮುಗ್ದು ಬಾ" ಎಂದಳು. ಮೇಷ್ಟ್ರಾಗಿದ್ದ ನಮ್ಮಪ್ಪ ನಾನು ಹುಟ್ಟುವ ಮೊದಲೇ ಬುದ್ಧನ ಪಟ ತಂದು ನಡುಮನೆಯಲ್ಲಿ ತೂಗುಹಾಕಿದ್ದವರು. ಆ ಪಟದಿಂದ ತೈವಾನಿನಲ್ಲಿ ನನಗೆ ಏನೇನು ಫಜೀತಿ ಕಾದಿತ್ತೋ ಯಾರಿಗೂ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣದ ನಾಯಿ

ತೈವಾನಿನಲ್ಲಿ ನಮ್ಮನ್ನು ಮೊದಲು ಮಾತಾಡಿಸಿದ್ದು ಒಂದು ನಾಯಿ. ಹಸಿರು ಅಂಗಿ ತೊಟ್ಟ ಪುಟ್ಟ ನಾಯಿ. ಪೆಟ್ಟಿಗೆಗಳನ್ನು ಮೂಸುತ್ತ ಬಂದು ರಾಮಾಂಜಿಯ ಚೀಲದ ಪಕ್ಕದಲ್ಲಿ ಕೂತುಬಿಟ್ಟಿತು, ಏಳಲೇ ಇಲ್ಲ. ಅವನು ಪ್ರೀತಿಯಿಂದ ತಲೆ ಸವರಲು ಹೋದ. ಅಷ್ಟರಲ್ಲಿ ಒಬ್ಬ ಅಧಿಕಾರಿ ಬಂದು ಬಗ್ಗಿ ನಮಸ್ಕರಿಸಿ ಚೀಲ ತೆಗೆಯಲು ಹೇಳಿದರು. ಒಳಗೆ ಹೊಲದಿಂದ ಕಿತ್ತು ತಂದ ಹಸಿ ಕಡಲೆಕಾಯಿ, ಬುಡಕ್ಕೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.

ಹಸಿ ಕಾಯಿ, ಮಣ್ಣು ಯಾವುದೂ ಆ ದೇಶದೊಳಕ್ಕೆ ಬರುವ ಹಾಗಿಲ್ಲವಂತೆ. ಅಧಿಕಾರಿ ಬೈಯಲಿಲ್ಲ, ಕಡಲೆಕಾಯಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಒಂದು ಡಬ್ಬಿಗೆ ಹಾಕಿ, ಮತ್ತೊಮ್ಮೆ ನಮಸ್ಕರಿಸಿದರು. ನಾಯಿಗೆ ಬಿಸ್ಕತ್ತು ಸಿಕ್ಕಿತು.

"ಚೂಡಕ್ಕಾ," ಎಂದು ತೆಲುಗಿನಲ್ಲಿ ಶುರುಮಾಡಿದ ರಾಮಾಂಜಿ, "ಇಷ್ಟ್ ಜನದಾಗೆ ಪಾವಗಡದ್ ಕಳ್ಳೆಕಾಯಿ ಯಾವ್ದು ಅಂತ ಆ ನಾಯೀಗ್ ಗೊತ್ತಾಯ್ತು. ನಮ್ ಎಪಿಎಂಸಿನೋರ್ಗೆ ಗೊತ್ತಾಗಲ್ಲ."

ಅಲ್ಲಿಂದ ರೈಲಿನಲ್ಲಿ ತೈಚುಂಗ್ ಎಂಬ ಊರು. ದಾರಿಯುದ್ದಕ್ಕೂ ಬೆಟ್ಟಗಳು ಮೈ ಕಾಣದಷ್ಟು ಹಸಿರು ಹೊದ್ದುಕೊಂಡಿದ್ದವು. ಮಧುಗಿರಿಯ ಬೆಟ್ಟದಂಥ, ಚನ್ನರಾಯನದುರ್ಗದಂಥ ಬೆತ್ತಲೆ ಬಂಡೆಗಳನ್ನು ನೋಡಿ ಬೆಳೆದವಳಿಗೆ ಇವು ಬೆಟ್ಟಗಳೇ ಅನ್ನಿಸಲಿಲ್ಲ. ಆಕಾಶ ಪೂರ್ತಿ ಮೋಡ. "ನಮ್ ಕಡೆ ಇಂಗ್ ಮೋಡ ಕವ್ಕಂಡ್ರೆ ಸೋಲಾರ್‌ನೋರು ಎದೆ ಬಡ್ಕಂತಾರೆ" ಎಂದು ರಾಮಾಂಜಿ ಕಿಟಕಿಗೆ ಹಣೆಯಿಟ್ಟು ನಿದ್ದೆ ಹೋದ.

ಕರೆಂಟು ಹೋಗಲಿಲ್ಲ

ಕಾರ್ಖಾನೆಯಲ್ಲಿ ನಮ್ಮನ್ನು ನೋಡಿಕೊಂಡವರು ಚೆನ್ ಎಂಬುವರು. ವಿನ್ಯಾಸ ವಿಭಾಗದ ಹಿರಿಯರು, ಐವತ್ತು ದಾಟಿರಬೇಕು. ಮೆತ್ತಗಿನ ಮಾತು, ನಿಧಾನದ ಇಂಗ್ಲಿಷ್. ಮೊದಲ ದಿನವೇ ಊಟದ ವಿಚಾರ ಎತ್ತಿದರು. ಭಾರತದವರು ಎಂದರೆ ಹಿಂದೂಗಳಲ್ಲವೇ, ಬೀಫ್ ಬೇಡ ತಾನೇ ಎಂದು ಕೇಳಿದರು. ರಾಮಾಂಜಿ ಹೌದೆಂದ. ನಾನು ಸುಮ್ಮನಿರಲಾರದೆ, ನಮ್ಮ ಮನೆಯವರು ಬೌದ್ಧರು ಎಂದೆ.

ಚೆನ್ ಅವರ ಮುಖವೇ ಬದಲಾಯಿತು. ತುಂಬ ಗೌರವದಿಂದ ತಲೆ ಬಾಗಿಸಿದರು. ಮಧ್ಯಾಹ್ನ ಊಟದ ಡಬ್ಬಿ ಬಂದಾಗ ಗೊತ್ತಾಯಿತು. ಆ ದೇಶದಲ್ಲಿ ಯಾರಾದರೂ ಊಟದ ಹೊತ್ತಿನಲ್ಲಿ ಬೌದ್ಧ ಎಂದು ಹೇಳಿಕೊಂಡರೆ ಮಾಂಸ ಮುಟ್ಟುವುದಿಲ್ಲ ಎಂದೇ ಅರ್ಥವಂತೆ. ಮಾಂಸವಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ರಾಮಾಂಜಿಯ ಡಬ್ಬಿಯಲ್ಲಿ ಕೋಳಿ ತೊಡೆ, ನನ್ನದರಲ್ಲಿ ಬೇಯಿಸಿದ ಸೊಪ್ಪು, ಸೋಯಾ ಗಟ್ಟಿ, ಅಣಬೆ. ಭಾನುವಾರ ಬಂತೆಂದರೆ ಮುದ್ದೆಗೆ ಮಟನ್ ಸಾರು ಬೇಕೇ ಬೇಕು ಎನ್ನುವ ಮನೆಯವಳು ನಾನು. ಅಷ್ಟು ಗೌರವ ಕೊಟ್ಟ ಮೇಲೆ ಇಲ್ಲ ಸ್ವಾಮಿ, ನಾವು ತಿನ್ನುತ್ತೇವೆ ಎಂದು ಹೇಳಲು ಬಾಯಿ ಬರಲಿಲ್ಲ.

"ಹೇಳ್ಬಿಡ್ಲಾ ಅಕ್ಕಾ?" ಎಂದು ರಾಮಾಂಜಿ ಮೂಳೆ ಚೀಪುತ್ತ ಕೇಳಿದ.

"ಬಾಯ್ ಮುಚ್ಕಂಡ್ ತಿನ್ನು" ಎಂದೆ.

ಊಟ ಮುಗಿಯುತ್ತಲೇ ನಾನು ಲ್ಯಾಪ್‌ಟಾಪ್ ತೆಗೆದು ನನ್ನ ಆರು ಲೆನ್ಸಿನ ಪರವಾಗಿ ವಾದ ಶುರುಮಾಡಿದೆ. ಮೂಲೆಯ ನಕ್ಷೆ ತೋರಿಸಿ, ಅವರ ಐದು ಲೆನ್ಸಿನಲ್ಲಿ ಗೆರೆ ಹೇಗೆ ಕುಸಿದು ಬೀಳುತ್ತದೆ ನೋಡಿ ಎನ್ನುತ್ತಿರುವಾಗಲೇ ಪಟ್ಟನೆ ದೀಪಗಳೆಲ್ಲ ಆರಿದವು. ಇಡೀ ಹಾಲು ಕತ್ತಲು. ಸದ್ಯ, ಇಲ್ಲೂ ಕರೆಂಟು ತೆಗೆಯುತ್ತಾರಲ್ಲ ಎಂದು ನನಗೆ ಒಂಥರಾ ಸಮಾಧಾನವಾಯಿತು. ಬರಲಿ ಎಂದು ಸುಮ್ಮನೆ ಕೂತೆ. ರಾಮಾಂಜಿಯೂ ಅಭ್ಯಾಸ ಬಲದಿಂದ ಫೋನಿನ ಟಾರ್ಚು ಹಾಕಿ ನನ್ನ ಕೀಬೋರ್ಡಿನ ಮೇಲೆ ಹಿಡಿದ. ಆ ಬೆಳಕಿನಲ್ಲಿ ಕಂಡದ್ದು ಸಾಲುಸಾಲಾಗಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಜನ. ಕೆಲವರು ಪುಟ್ಟ ದಿಂಬನ್ನೂ ಇಟ್ಟುಕೊಂಡಿದ್ದರು. ಚೆನ್ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು.

ಊಟದ ಮೇಲೆ ದೀಪ ಆರಿಸಿ ಎಲ್ಲರೂ ಒಂದು ನಿದ್ದೆ ತೆಗೆಯುವುದು ಅಲ್ಲಿನ ಪದ್ಧತಿ. ನಮ್ಮ ಕಚೇರಿಗಳಲ್ಲಿ ಮೇಜಿಗೆ ತಲೆಯಿಟ್ಟರೆ ಮೆಮೊ ಬರುತ್ತದೆ. ಕತ್ತಲಲ್ಲಿ ನಾವಿಬ್ಬರೇ ಕರೆಂಟಿಗೆ ಕಾಯುವವರ ಹಾಗೆ ಎಚ್ಚರವಾಗಿ ಕೂತಿದ್ದೆವು. ದೀಪ ಹತ್ತಿದಾಗ ಎಲ್ಲರೂ ಮುಖ ಒರೆಸಿಕೊಂಡು ಏನೂ ಆಗದವರಂತೆ ಕೆಲಸಕ್ಕೆ ತೊಡಗಿದರು. ಚೆನ್ ನಾನು ನಿಲ್ಲಿಸಿದ್ದ ಜಾಗದಿಂದಲೇ ಮಾತು ಹಿಡಿದರು.

ಅವರು ಹೇಳಿದ್ದರಲ್ಲಿ ಒರಟು ಏನೂ ಇರಲಿಲ್ಲ. ಜನ ಮುಖವನ್ನು ನಡುವಿಗೆ ಇಟ್ಟುಕೊಂಡು ಫೋಟೋ ತೆಗೆಯುತ್ತಾರೆ. ಮೂಲೆಯಲ್ಲಿ ಇರುವುದು ಗೋಡೆ, ಮರ, ಆಕಾಶ. ಅದು ಸ್ವಲ್ಪ ಮಸುಕಾದರೆ ಯಾರಿಗೆ ಗೊತ್ತಾಗುತ್ತದೆ? ಹೆಚ್ಚೆಂದರೆ ಸಾಫ್ಟ್‌ವೇರ್ ತಿದ್ದಿಕೊಳ್ಳುತ್ತದೆ. ಫೋನು ತೆಳ್ಳಗಿರಬೇಕು, ಕತ್ತಲಲ್ಲೂ ಫೋಟೋ ಬರಬೇಕು, ಅದನ್ನು ಜನ ಅಂಗಡಿಯಲ್ಲೇ ಕೇಳುತ್ತಾರೆ. "ಮಿಸ್ ಸುಜಾತ, ಮೂಲೆಯನ್ನು ಯಾರು ನೋಡುತ್ತಾರೆ?" ಎಂದು ಕೇಳಿದರು.

ನನಗೆ ಆ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಹೊಳೆಯಲಿಲ್ಲ. ಕನ್ನಡದಲ್ಲಿ ಬೇಕಾದಷ್ಟಿತ್ತು. ನಮ್ಮ ಕಡೆ ಮದುವೆ ಮಂಟಪದ ಮೇಲೆ ಫೋಟೋಕ್ಕೆ ನಿಲ್ಲುವುದನ್ನು ಅವರು ನೋಡಿಲ್ಲ. ನಡುವೆ ಗಂಡು ಹೆಣ್ಣು, ಪಕ್ಕದಲ್ಲಿ ದೊಡ್ಡ ಕುಳಗಳು, ಆಮೇಲೆ ಹತ್ತಿರದವರು, ಕೊನೆಗೆ ಫೋಟೋದವನು "ಅಕ್ಕಾ, ಇನ್ನೂ ಒಳಕ್ ಬನ್ನಿ" ಎಂದು ಕೈಬೀಸುವವರೆಗೂ ಹೊರಗೇ ನಿಲ್ಲುವ ನಮ್ಮಮ್ಮನಂಥವರು. ಸಿರಾದಲ್ಲಿ ಆದ ಮದುವೆಯಾಗಲಿ, ಮದಲೂರಿನ ನಂಟರ ಮನೆಯದ್ದಾಗಲಿ, ಆಲ್ಬಮ್ಮುಗಳಲ್ಲಿ ಅಮ್ಮನದ್ದು ಎಂದು ಇರುವುದು ಅರ್ಧ ಸೀರೆ, ಒಂದು ಭುಜ. ಅಪ್ಪನ ಸ್ಕೂಲಿನ ಗ್ರೂಪ್ ಫೋಟೋಗಳಲ್ಲಿ ನಮ್ಮ ಕೇರಿಯ ಮಕ್ಕಳು ಯಾವಾಗಲೂ ಸಾಲಿನ ಎರಡು ತುದಿಯಲ್ಲಿ. ಯಾರೂ ಅಲ್ಲಿ ನಿಲ್ಲಿ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವರಿಗೆ ಜಾಗ ಗೊತ್ತಿತ್ತು. ಇದನ್ನೆಲ್ಲ ನೆನೆದು ನನಗೆ ಸಿಟ್ಟೇ ಬಂತು. ಆದರೆ ಸಿಟ್ಟನ್ನು ನಕ್ಷೆಯಲ್ಲಿ ತೋರಿಸುವುದು ಹೇಗೆ? ಸೋಮವಾರದವರೆಗೆ ಯೋಚಿಸುತ್ತೇನೆ ಎಂದಷ್ಟೇ ಹೇಳಿ ಬಂದೆ.

ಹಾಡುವ ಗಾಡಿ

ನಾವಿದ್ದ ಹೋಟೆಲಿನ ಬೀದಿಗೆ ಸಂಜೆ ಹೊತ್ತು ಒಂದು ಹಳದಿ ಗಾಡಿ ಹಾಡು ಹಾಕಿಕೊಂಡು ಬರುತ್ತಿತ್ತು. ಕಿವಿಗೆ ಇಂಪಾದ ಸಂಗೀತ. ಮನೆಮನೆಯಿಂದ ಮುದುಕರು, ಹೆಂಗಸರು, ಕೋಟು ತೊಟ್ಟವರು ಓಡಿ ಬರುತ್ತಿದ್ದರು. ಐಸ್‌ಕ್ರೀಮಿನ ಗಾಡಿ ಇರಬೇಕೆಂದು ರಾಮಾಂಜಿ ಚಿಲ್ಲರೆ ಹಿಡಿದುಕೊಂಡು ಇಳಿದುಹೋದ. ಖಾಲಿ ಕೈಯಲ್ಲಿ ವಾಪಸು ಬಂದ.

"ಕಸದ್ ಗಾಡಿ ಅಕ್ಕಾ" ಎಂದ.

ನಮ್ಮ ಪಟ್ಟಣ ಪಂಚಾಯಿತಿಯ ಗಾಡಿಯೂ ಹಾಡು ಹಾಕಿಕೊಂಡೇ ಬರುತ್ತದೆ. ನಾವು ಬಾಗಿಲ ಮುಂದೆ ಬುಟ್ಟಿ ಇಟ್ಟು ಒಳಗಿರುತ್ತೇವೆ, ಎತ್ತುವವರು ಬೇರೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಸವನ್ನು ತಾವೇ ತಂದು ಗಾಡಿಗೆ ಎಸೆಯುತ್ತಾರೆ. ಎಸೆದು, ಅಲ್ಲೇ ನಿಂತು ಪಕ್ಕದ ಮನೆಯವರ ಜೊತೆ ಹರಟುತ್ತಾರೆ. ಅದನ್ನು ನೋಡುವುದೇ ನನಗೆ ಪ್ರತಿ ಸಂಜೆಯ ಕೆಲಸವಾಯಿತು. ಗುಂಪಿನಲ್ಲಿ ತಲೆಗೆ ಬಟ್ಟೆ ಸುತ್ತಿದ ಕೆಲವು ಹೆಣ್ಣುಮಕ್ಕಳೂ ಇರುತ್ತಿದ್ದರು. ಇಂಡೋನೇಷ್ಯಾದಿಂದ ಬಂದವರು, ವಯಸ್ಸಾದವರನ್ನು ಮನೆಯಲ್ಲಿದ್ದು ನೋಡಿಕೊಳ್ಳುವವರು ಎಂದು ಹೋಟೆಲಿನವರು ಹೇಳಿದರು. ಅವರು ಕಸ ಹಾಕಿ ಯಾರ ಜೊತೆಗೂ ನಿಲ್ಲದೆ ಒಳಗೆ ಹೋಗಿಬಿಡುತ್ತಿದ್ದರು.

ಭಾನುವಾರ, ಚೆನ್ ಅವರ ಮನೆ

ನಾನು ಬೌದ್ಧಳು ಎಂಬ ಸುದ್ದಿ ಚೆನ್ ಅವರ ತಾಯಿಯ ಕಿವಿಗೂ ಬಿದ್ದಿತ್ತು. ಬುದ್ಧ ಹುಟ್ಟಿದ ಕಡೆಯಿಂದ ಒಬ್ಬಳು ಬಂದಿದ್ದಾಳೆ, ನೋಡಲೇಬೇಕು ಎಂದು ಅಜ್ಜಿ ಹಟ ಹಿಡಿದರಂತೆ. ಬುದ್ಧ ಓಡಾಡಿದ ಊರುಗಳಿಗೂ ಕೊರಟಗೆರೆಗೂ ರೈಲಿನಲ್ಲೇ ಎರಡು ಹಗಲು ಬೇಕು ಎಂದು ವಿವರಿಸಲು ನೋಡಿದೆ. ಚೆನ್ ನಕ್ಕು, "ಅಮ್ಮನಿಗೆ ಅದೆಲ್ಲ ಒಂದೇ" ಎಂದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಹೋದೆವು. ಗಾಲಿಕುರ್ಚಿಯಲ್ಲಿ ಕೂತ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. ಮನೆಯೊಳಗೆ ಬುದ್ಧನ ಮೂರ್ತಿ, ಮುಂದೆ ಊದುಬತ್ತಿ, ಹಣ್ಣು. ಅಮ್ಮ ಹೇಳಿ ಕಳಿಸಿದ್ದ ಕೈಯನ್ನು ಅಲ್ಲೇ ಮುಗಿದೆ. ಅಜ್ಜಿ ನನಗಾಗಿ ತಾವು ಉಣ್ಣುವಂಥ ಊಟವನ್ನೇ ಮಾಡಿಸಿದ್ದರು. ಮತ್ತೆ ಸೊಪ್ಪು, ಸೋಯಾ, ಅಣಬೆ. ತಮ್ಮ ತಟ್ಟೆಯ ಅಣಬೆಯನ್ನೂ ಎತ್ತಿ ನನ್ನ ಬಟ್ಟಲಿಗೆ ಹಾಕಿದರು. ಆ ಪ್ರೀತಿಗೆ ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ರಾಮಾಂಜಿ ಮಾತ್ರ ಮೀನಿನ ಮುಳ್ಳು ಬಿಡಿಸುತ್ತ ನನ್ನ ಕಡೆ ನೋಡದೆ ನಗುತ್ತಿದ್ದ.

ಅಜ್ಜಿಗೆ ತಿನ್ನಿಸುತ್ತಿದ್ದವಳು ವಾತಿ ಎಂಬ ಹೆಂಗಸು. ಅವಳೂ ಇಂಡೋನೇಷ್ಯಾದವಳೇ, ನಲವತ್ತರ ಆಸುಪಾಸು, ತಲೆಗೆ ನೀಲಿ ಬಟ್ಟೆ. ಅಜ್ಜಿ ಬಾಯಿ ತೆರೆಯುವ ಮೊದಲೇ ಅವರಿಗೆ ಏನು ಬೇಕೆಂದು ಅವಳಿಗೆ ಗೊತ್ತಾಗುತ್ತಿತ್ತು. ಅವಳಿಗೊಬ್ಬ ಮಗಳಿದ್ದಾಳೆ, ನಡೆಯಲು ಕಲಿಯುವ ವಯಸ್ಸಿನಲ್ಲಿ ಬಿಟ್ಟು ಬಂದದ್ದು, ಈಗ ಸ್ಕೂಲಿಗೆ ಹೋಗುತ್ತಾಳೆ ಎಂದು ಚೆನ್ ಅವರ ಹೆಂಡತಿ ಹೇಳಿದರು.

ಊಟವಾದ ಮೇಲೆ ಫೋಟೋ ತೆಗೆಯುವ ಮಾತು ಬಂತು. ಚೆನ್ ಜೇಬಿನಿಂದ ಪರೀಕ್ಷೆಯ ಫೋನು ತೆಗೆದು ನನ್ನ ಕೈಗಿತ್ತರು. ಅವರ ಐದು ಲೆನ್ಸಿನ ಮಾದರಿ ಕೂರಿಸಿದ್ದ ಫೋನು ಅದು. "ನೀವೇ ತೆಗೆಯಿರಿ, ಒಪ್ಪಿಗೆಯಾಗಬಹುದು" ಎಂದರು. ನಡುವೆ ಅಜ್ಜಿ, ಅಕ್ಕಪಕ್ಕ ಮಕ್ಕಳು ಸೊಸೆಯಂದಿರು, ಮೊಮ್ಮಕ್ಕಳು, ಅವರ ಜೊತೆ ರಾಮಾಂಜಿ. ವಾತಿ ಹಿಂದೆ ಸರಿದು ನಿಂತಳು. ಅಜ್ಜಿ ಏನೋ ಗದರಿದ ಮೇಲೆ ಬಂದು ಸಾಲಿನ ಕೊನೆಯಲ್ಲಿ ಅರ್ಧ ಬಾಗಿಲಿಗೆ ಒರಗಿದಳು. ಅವಳು ನಿಂತ ರೀತಿ ನನಗೆ ಹೊಸದು ಅನ್ನಿಸಲೇ ಇಲ್ಲ, ಯಾಕೆಂದರೆ ಅದನ್ನು ನಾನು ದಿನಾ ನೋಡುತ್ತ ಬೆಳೆದಿದ್ದೆ. ಫೋಟೋ ತೆಗೆದೆ.

ಫೋನು ಕೈಯಿಂದ ಕೈಗೆ ಹೋಯಿತು. ಆಗ ಕಂಡದ್ದನ್ನು ನಾನು ಅಷ್ಟು ವರ್ಷ ಈ ಕೆಲಸ ಮಾಡಿಯೂ ಗಮನಿಸಿರಲಿಲ್ಲ. ಯಾರೊಬ್ಬರೂ ಫೋಟೋದ ನಡುವನ್ನು ನೋಡಲಿಲ್ಲ. ಕೈಗೆ ಬಂದ ತಕ್ಷಣ ಪ್ರತಿಯೊಬ್ಬರೂ ಎರಡು ಬೆರಳಿಟ್ಟು ತಮ್ಮ ಮುಖವನ್ನು ಹುಡುಕಿ ಹಿಗ್ಗಿಸಿದರು. ಚೆನ್ ಅವರ ಹೆಂಡತಿ ತಮ್ಮದನ್ನು, ಮೊಮ್ಮಗಳು ತನ್ನದನ್ನು, ಚೆನ್ ತಮ್ಮದನ್ನು. ರಾಮಾಂಜಿಯೂ ಅಷ್ಟೇ.

ಕೊನೆಗೆ ವಾತಿಯ ಕೈಗೆ ಬಂತು. ಅವಳೂ ಮೂಲೆಗೆ ಬೆರಳಿಟ್ಟು ಹಿಗ್ಗಿಸಿದಳು. ಅಲ್ಲಿ ಒಂದು ಮುಖವಿತ್ತು. ಕಣ್ಣಿನ ಜಾಗದಲ್ಲಿ ಎರಡು ಕಂದು ಗೀಟು, ಮೂಗು ಕೆನ್ನೆಯೊಳಗೆ ಹರಡಿಕೊಂಡಿತ್ತು. ಮಸುಕನ್ನು ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ತಿದ್ದಿ ಯಾರದ್ದೂ ಅಲ್ಲದ ಮುಖವೊಂದನ್ನು ಮಾಡಿಟ್ಟಿತ್ತು. ವಾತಿ ಪರದೆಗೆ ಕೈಯ ಜಿಡ್ಡು ಮೆತ್ತಿರಬೇಕು ಎಂದುಕೊಂಡು ತಲೆಬಟ್ಟೆಯ ಅಂಚಿನಿಂದ ಅದನ್ನು ಒರೆಸಿದಳು. ಒರೆಸಿ ಮತ್ತೆ ನೋಡಿದಳು. ಇನ್ನೊಮ್ಮೆ ಒರೆಸಿದಳು. ಆಮೇಲೆ ಫೋನನ್ನು ಚೆನ್ ಅವರಿಗೆ ಕೊಟ್ಟು ತಟ್ಟೆಗಳನ್ನು ಎತ್ತಲು ಹೋದಳು.

ಚೆನ್ ಅದನ್ನು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

ಮತ್ತೆ ಕಾರ್ಖಾನೆ

ಸೋಮವಾರ ಚೆನ್ ಎಲ್ಲರನ್ನೂ ಕರೆದು ದೊಡ್ಡ ಪರದೆಯ ಮೇಲೆ ಆ ಫೋಟೋ ಹಾಕಿದರು. ನಾನು ಹಾಕಿ ಎಂದು ಕೇಳಿರಲಿಲ್ಲ. ತಮ್ಮ ತಾಯಿಯ ಮುಖವನ್ನು ದಾಟಿ, ಹೆಂಡತಿಯನ್ನು ದಾಟಿ, ಮೂಲೆಗೆ ಹೋಗಿ ನಿಲ್ಲಿಸಿದರು. "ನನ್ನ ತಾಯಿಯನ್ನು ದಿನಾ ಎಬ್ಬಿಸಿ ಕೂರಿಸುವವರು ಇವರು" ಎಂದಷ್ಟೇ ಹೇಳಿ, ನನ್ನ ಕಡೆ ತಿರುಗಿದರು. "ಆದರೆ ಆರು ಲೆನ್ಸು ಈ ಫೋನಿಗೆ ಹಿಡಿಸುವುದಿಲ್ಲ. ಅದು ನಿಮಗೂ ಗೊತ್ತು."

ಗೊತ್ತಿತ್ತು. ಹಿಂದಿನ ರಾತ್ರಿಯೆಲ್ಲ ನಾನು ಅದನ್ನೇ ಯೋಚಿಸಿದ್ದೆ. ಆರೇ ಬೇಕು ಎಂದು ಕೂತರೆ ಫೋನಿನವರು ನಮ್ಮನ್ನು ಬಿಟ್ಟು ಬೇರೆ ಯಾರದ್ದೋ ಐದನ್ನು ಹಾಕಿಕೊಳ್ಳುತ್ತಾರೆ. ಆಗ ನನ್ನ ಲೆನ್ಸೂ ಇಲ್ಲ, ಮೂಲೆಯೂ ಇಲ್ಲ. ನಾನು ಬಂದದ್ದು ಯಾವುದನ್ನು ಉಳಿಸಲು, ನನ್ನ ಹೆಸರಿನ ವಿನ್ಯಾಸವನ್ನೋ ಮೂಲೆಯಲ್ಲಿ ನಿಲ್ಲುವವರ ಮುಖವನ್ನೋ? ಅಲ್ಲಿಯವರೆಗೆ ಎರಡೂ ಒಂದೇ ಎಂದು ತಿಳಿದಿದ್ದೆ.

ದಾರಿ ಒಂದಿತ್ತು, ನನಗೆ ಇಷ್ಟವಿಲ್ಲದ ದಾರಿ. ಐದನ್ನೇ ಇಟ್ಟುಕೊಂಡು ಬೆಳಕು ಬರುವ ಕಿಂಡಿಯನ್ನು ಕಿರಿದು ಮಾಡುವುದು. ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡು ಓದುತ್ತೇವಲ್ಲ, ಹಾಗೆ. ಮೂಲೆಯಲ್ಲಿ ದಾರಿ ತಪ್ಪುವ ಬೆಳಕನ್ನು ಮೊದಲೇ ತಡೆದರೆ ಉಳಿದದ್ದು ಚೊಕ್ಕವಾಗಿ ಬೀಳುತ್ತದೆ. ಜೊತೆಗೆ ಕೊನೆಯ ಲೆನ್ಸಿನ ಅಂಚನ್ನು ಹೊಸದಾಗಿ ಲೆಕ್ಕ ಹಾಕಬೇಕು. ಇದಕ್ಕೆ ಬೆಲೆಯೆಂದರೆ ಕತ್ತಲು. ರಾತ್ರಿಯ ಫೋಟೋ ಕಾಳುಕಾಳಾಗುತ್ತದೆ, ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಲು ಫೋನಿನವರಿಗೆ ಏನೂ ಸಿಗುವುದಿಲ್ಲ. ಮತ್ತು ಅದು ನನ್ನ ಲೆನ್ಸಲ್ಲ. ಅರ್ಧ ಅವರದ್ದು, ಅರ್ಧ ಎಲ್ಲರದ್ದು.

ನಮ್ಮ ಕಾರ್ಖಾನೆಯ ಯಜಮಾನರಿಗೆ ಫೋನು ಮಾಡಿದೆ. "ಕತ್ಲಲ್ಲಿ ಚೆನ್ನಾಗ್ ಬರಲ್ಲ ಅಂತ ಜನ ಬೈತಾರಲ್ಲಮ್ಮ" ಎಂದರು.

"ಬೈಲಿ ಸಾರ್. ಮದ್ವೆ ಫೋಟೋ ಹಗಲೊತ್ತೇ ತೆಗೀತಾರೆ" ಎಂದೆ. ಅವರು ನಕ್ಕರು. ಆಮೇಲೆ, ಚೆನ್ ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ ಎಂದರು. ಚೆನ್ ಅವರೇ ಫೋನಿನ ಕಂಪನಿಯವರ ಜೊತೆ ಕೂತು ಮಾತಾಡಿದರು. ಅವರಿಗೆ ಏನು ಹೇಳಿ ಒಪ್ಪಿಸಿದರೋ ನನಗೆ ಗೊತ್ತಿಲ್ಲ, ಬಾಗಿಲು ಮುಚ್ಚಿತ್ತು.

ಲೆನ್ಸುಗಳ ನಡುವೆ ಕೂರುವ ಕಪ್ಪು ಉಂಗುರವೊಂದಿದೆ. ಅದರ ತೂತೇ ಕಿಂಡಿ. ರಾಮಾಂಜಿ ಸೂಕ್ಷ್ಮದರ್ಶಕದ ಕೆಳಗೆ ಚಿಮಟದಲ್ಲಿ ಹಳೆಯ ಉಂಗುರ ತೆಗೆದು, ಚಿಕ್ಕ ತೂತಿನದನ್ನು ಕೂರಿಸಿದ. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದವನು ಮುಗಿಸಿದ ಮೇಲೆ ನನ್ನ ಮುಖ ನೋಡಿದ.

"ಅಕ್ಕಾ, ಆರು ಬೇಕೇ ಬೇಕು ಅಂತ ಅಷ್ಟ್ ದೂರದಿಂದ ಬಂದೋರು ನೀವು. ಐದಕ್ಕೆ ಊ ಅಂದ್ಬುಟ್ರಿ."

"ಅಂದ್ಬುಟ್ಟೆ ಕಣೋ."

"ಬ್ಯಾಸರ ಆಯ್ತದಾ?"

"ಆಯ್ತದೆ" ಎಂದೆ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಕಂಪನಿ ಬಸ್ಸಿನಲ್ಲಿ, ಒಲೆಯ ಮುಂದೆ, ಮಗನ ಸ್ಕೂಲಿನ ಮೀಟಿಂಗಿನಲ್ಲಿ ಕೂಡ ತಲೆಯೊಳಗೆ ತಿರುಗುತ್ತಿದ್ದ ಆ ಆರು ಬಾಗುಗಳು ಇನ್ನು ಯಾವ ಫೋನಿನೊಳಗೂ ಕೂರುವುದಿಲ್ಲ. ಶೌಚಾಲಯಕ್ಕೆ ಹೋಗಿ ಸ್ವಲ್ಪ ಅತ್ತೆ, ಮುಖ ತೊಳೆದುಕೊಂಡು ಬಂದು ಒಪ್ಪಿಗೆಗೆ ರುಜು ಹಾಕಿದೆ. ಆ ಹೊತ್ತಿಗೆ ಸರಿಯಾಗಿ ದೀಪಗಳು ಆರಿದವು. ಈ ಸಲ ನಾನೂ ಮೇಜಿಗೆ ತಲೆಯಿಟ್ಟು ಮಲಗಿದೆ, ಚೆನ್ನಾಗಿ ನಿದ್ದೆ ಬಂತು.

ಪಾರ್ಕು

ಹೊರಡುವ ಹಿಂದಿನ ದಿನ ಸಂಜೆ ಚೆನ್ ಅವರ ಮನೆಯ ಹತ್ತಿರದ ಪಾರ್ಕಿಗೆ ಒಬ್ಬಳೇ ಹೋದೆ. ಉಂಗುರ ಬದಲಿಸಿದ ಫೋನನ್ನು ನಾನು ಕೇಳದೆಯೇ ಚೆನ್ ಕೊಟ್ಟಿದ್ದರು.

ಆ ಹೊತ್ತಿಗೆ ಪಾರ್ಕು ಗಾಲಿಕುರ್ಚಿಗಳಿಂದ ತುಂಬಿರುತ್ತದೆ. ಮುದುಕರನ್ನೆಲ್ಲ ಬಿಸಿಲು ಬೀಳುವ ಕಡೆ ಸಾಲಾಗಿ ನಿಲ್ಲಿಸಿ, ಅವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಪಕ್ಕದ ಕಲ್ಲುಬೆಂಚಿನ ಮೇಲೆ ತಮ್ಮ ಭಾಷೆಯಲ್ಲಿ ಹರಟುತ್ತ, ಡಬ್ಬಿಯಿಂದ ಏನೋ ಕರಿದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದರು. ಕಸದ ಗಾಡಿಯ ಹತ್ತಿರ ತುಟಿ ಬಿಚ್ಚದಿದ್ದವರು ಇಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಕಾರ್ಖಾನೆಯ ಹೆಣ್ಣುಮಕ್ಕಳು ಬೇವಿನ ಮರದ ಕೆಳಗೆ ಹೀಗೆಯೇ ಕೂರುತ್ತಾರೆ. ವಾತಿ ನನ್ನ ಗುರುತು ಹಿಡಿದು, ನನಗೂ ಒಂದು ತುಂಡು ಕೊಟ್ಟಳು. ಬಾಳೆಹಣ್ಣಿನ ಬೋಂಡ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

ನನಗೆ ಅವಳ ಭಾಷೆ ಬರದು, ಅವಳಿಗೆ ನನ್ನದು. ಅವಳು ಆಡುವ ಚೀನೀ ಮಾತನ್ನು ನನ್ನ ಫೋನು ಕನ್ನಡಕ್ಕೆ ತಿರುಗಿಸಿ, ವಾರ್ತೆ ಓದುವವರ ಧ್ವನಿಯಲ್ಲಿ ಹೇಳುತ್ತಿತ್ತು. ಭಾನುವಾರದ ಫೋಟೋ ಸರಿ ಬರಲಿಲ್ಲ, ಇನ್ನೊಂದು ತೆಗೆಯುತ್ತೇನೆ ಎಂದೆ. ಅವಳು ಎಲ್ಲರನ್ನೂ ಕರೆದು ಅಜ್ಜಿಯ ಸುತ್ತ ನಿಲ್ಲಿಸಿದಳು. ನೀನು ನಡುವಿಗೆ ಬಾ ಎಂದು ನಾನು ಕೈಸನ್ನೆ ಮಾಡಿದೆ. ತಲೆಯಾಡಿಸಿ, ತಾನಾಗಿ ಹೋಗಿ ಕೊನೆಯಲ್ಲೇ ನಿಂತಳು. ಮೂಲೆಯನ್ನು ಚೊಕ್ಕ ಮಾಡುವುದು ನನ್ನ ಕೈಲಾದೀತು, ಅಲ್ಲಿ ಯಾರು ನಿಲ್ಲಬೇಕು ಎನ್ನುವುದು ಯಾವ ಲೆನ್ಸಿನ ಕೈಯಲ್ಲೂ ಇಲ್ಲ ಎಂದು ಆಗ ಅನ್ನಿಸಿತು. ಬಲವಂತ ಮಾಡದೆ ಫೋಟೋ ತೆಗೆದು ಫೋನು ಅವಳ ಕೈಗೆ ಕೊಟ್ಟೆ.

ಅವಳು ಎರಡು ಬೆರಳಿಟ್ಟು ಮೂಲೆಯನ್ನು ಹಿಗ್ಗಿಸಿದಳು. ಮುಖ ಬಂತು. ನನ್ನ ಆರು ಲೆನ್ಸಿನಷ್ಟಿಲ್ಲ, ಆದರೆ ಅವಳ ಮುಖವೇ. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಎರಡೂ ಬದಿಯ ಗೆರೆ, ಹಣೆಯ ಬಟ್ಟೆಯಂಚಿನಿಂದ ಇಣುಕಿದ ಒಂದೆರಡು ನರೆಗೂದಲು, ಎಲ್ಲ ಇದ್ದವು. ನಾನು ಹಿಗ್ಗಿನಿಂದ ಅವಳನ್ನೇ ನೋಡುತ್ತಿದ್ದೆ. ಅವಳು ನಗಲಿಲ್ಲ. ತನ್ನ ಕಣ್ಣಿನ ಕೆಳಗೆ ಬೆರಳಿಟ್ಟು ಮುಟ್ಟಿ ನೋಡಿಕೊಂಡಳು.

"ನನಗೆ ಇಷ್ಟು ವಯಸ್ಸಾಗಿದೆ ಎಂದು ಗೊತ್ತಿರಲಿಲ್ಲ" ಎಂದಳು. "ಮಗಳ ಜೊತೆ ವಿಡಿಯೋದಲ್ಲಿ ಮಾತಾಡುವಾಗ ನನ್ನ ಫೋನು ಮುಖವನ್ನು ನುಣ್ಣಗೆ ಮಾಡಿ ತೋರಿಸುತ್ತದೆ. ಅವಳು ನೋಡಿರುವುದು ಆ ಮುಖವನ್ನು."

ಇಷ್ಟೆಲ್ಲ ಬಿಟ್ಟುಕೊಟ್ಟು ನಾನು ಇವಳಿಗೆ ತಂದುಕೊಟ್ಟದ್ದು ಇದನ್ನೇ ಏನು? ಭಾನುವಾರದ ಫೋಟೋ ಇನ್ನೂ ಇದೆ, ಬೇಕಾದರೆ ಅದನ್ನೇ ಕೊಡುತ್ತೇನೆ, ಇದನ್ನು ಅಳಿಸಿಬಿಡೋಣ ಎಂದೆ. ನನ್ನ ಫೋನು ಅದನ್ನು ಅವಳಿಗೆ ಹೇಳಿತು. ಅವಳು ಬಹಳ ಹೊತ್ತು ಮೂಲೆಯ ಆ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಮಗಳಿಗೆ ಕಳಿಸಿದಳು.

"ಇದೇ ಇರಲಿ" ಎಂದಳು. "ನಾನು ಊರಿಗೆ ಹೋಗುವ ದಿನ ಅವಳನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಬರುತ್ತಾರೆ. ಅಷ್ಟು ಜನರ ನಡುವೆ ಅವಳು ನನ್ನ ಗುರುತು ಹಿಡಿಯಬೇಕಲ್ಲ."